ಮಂಡಕ್ಕಿ ಡಬ್ಬದಲ್ಲಿ ನೀಲಿ ಮಣಿ

ಮಂಡಕ್ಕಿ ಮೆತ್ತಗಾಯಿತು. ಆಗಿದ್ದು ಇಷ್ಟೇ.

ಆಯುಧಪೂಜೆಯ ಹಿಂದಿನ ಸಂಜೆ ಭದ್ರಾವತಿಯಲ್ಲಿ ಮಳೆ ಹಿಡಿದುಕೊಂಡಿತ್ತು. ಹಳೇನಗರದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಅಡಿಕೆಯ ತೇವ, ಬೋರ್‌ವೆಲ್ ನೀರು ಇತ್ಯಾದಿ ಪರೀಕ್ಷೆ ಮಾಡಿಕೊಡುವ ಲ್ಯಾಬಿತ್ತು. ಅಲ್ಲಿನ ಟೆಕ್ನಿಷಿಯನ್ ರುದ್ರೇಶ್ ಪೂಜೆಗೆಂದು ತಂದಿಟ್ಟ ಮಂಡಕ್ಕಿ ಒಂದೇ ಗಂಟೆಯಲ್ಲಿ ಹಳೇ ಹಾಸಿಗೆಯ ಹತ್ತಿಯಂತಾಯಿತು. ರುದ್ರೇಶ್ ಯೋಚಿಸಿದ. ಕಪಾಟಿನಲ್ಲಿ ತೇವ ಹೀರುವ ನೀಲಿ ಮಣಿಗಳ ಬಾಟಲಿ ಕಾಣಿಸಿತು. ಸರಿಯಾಗಿ ಇನ್ನೂರು ಗ್ರಾಂ ತೂಗಿ, ಫಿಲ್ಟರ್ ಪೇಪರಿನಲ್ಲಿ ಕಟ್ಟಿ, ಮಂಡಕ್ಕಿ ಡಬ್ಬದೊಳಗೆ ಹುದುಗಿಸಿ ಮುಚ್ಚಳ ಹಾಕಿದ. ಎಂ.ಎಸ್ಸಿ. ಓದಿದ್ದು ಇವತ್ತಾದರೂ ಉಪಯೋಗಕ್ಕೆ ಬಂತಲ್ಲ ಎಂದು ಖುಷಿಯಾಗಿ ಮನೆಗೆ ಹೋದ.

ತನುಜಾ ಆ ಲ್ಯಾಬಿನ ಅಟೆಂಡರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು. ನಾಲ್ಕು ವರ್ಷದಿಂದ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕೆಲಸ ಗುತ್ತಿಗೆಯದು, ಯಾವತ್ತು ಬೇಡ ಎನ್ನುತ್ತಾರೋ ಗೊತ್ತಿಲ್ಲ. ಅದೇ ದಿನ ಮಧ್ಯಾಹ್ನ ಮ್ಯಾನೇಜರ್ ಚಂದ್ರಶೇಖರಪ್ಪನವರು ಕರೆದು, "ಒಂದು ಕಾಯಂ ಪೋಸ್ಟ್ ಬಂದಿದೆ ಕಣಮ್ಮ. ನಾಳೆ ಹೆಡ್ ಆಫೀಸಿಗೆ ಹೋಗಿ ನಿನ್ ಹೆಸರೇ ಹೇಳ್ತೀನಿ. ನಾಳೆ ಒಂದಿನ ಲ್ಯಾಬಲ್ಲಿ ಯಾವ ಗಲಾಟೆನೂ ಆಗ್ಬಾರ್ದು ಅಷ್ಟೇ" ಎಂದಿದ್ದರು. ತನುಜಾಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ.

ಬೆಳಗ್ಗೆ ಬಸ್ಸು ತಡವಾಯಿತು. ಅವಳು ಬರುವ ಹೊತ್ತಿಗೆ ಪೂಜೆ ಮುಗಿದು, ತಕ್ಕಡಿ, ಓವನ್ನು, ಕಂಪ್ಯೂಟರು ಎಲ್ಲದಕ್ಕೂ ಸೇವಂತಿಗೆ ಏರಿತ್ತು. ಪ್ರಸಾದದ ಪೊಟ್ಟಣ ಕಟ್ಟಿ, ಕೆಲವನ್ನು ಹಂಚಿಯೂ ಆಗಿತ್ತು. ಡಬ್ಬ ತೊಳೆಯಲು ಎತ್ತಿಕೊಂಡವಳು ಒಳಗೆ ನೋಡಿ ನಿಂತುಬಿಟ್ಟಳು. ತಳದಲ್ಲಿ ಹರಿದ ಕಾಗದ. ಸುತ್ತ ಏಳೆಂಟು ಗುಲಾಬಿ ಮಣಿ, ಥೇಟ್ ಜೀರಿಗೆ ಪೆಪ್ಪರ್‌ಮೆಂಟಿನ ಹಾಗೆ. ಈ ಮಣಿ ಒಣಗಿದ್ದಾಗ ನೀಲಿ, ತೇವ ಕುಡಿದರೆ ಗುಲಾಬಿ. ಜೊತೆಗೆ ಹಾಕಿದ್ದ ಹಸಿ ಕೊಬ್ಬರಿ ಚೂರಿನ ನೀರನ್ನೆಲ್ಲ ಅವು ರಾತ್ರಿಯೇ ಕುಡಿದಿದ್ದವು. ಕಾಗದ ಹರಿದು, ಉಳಿದ ಮಣಿಯೆಲ್ಲ ಮಂಡಕ್ಕಿಯ ಜೊತೆ ಪೊಟ್ಟಣ ಸೇರಿತ್ತು.

"ಸರ್, ನೀಲಿ ಮಣಿ ಬಾಟ್ಲಿ ಯಾರು ಮುಟ್ಟಿದ್ದು?"

"ನಾನೇ," ಎಂದ ರುದ್ರೇಶ್, ಬಾಯ್ತುಂಬ ಮಂಡಕ್ಕಿ. "ಗರಿಗರಿ ಇರ್ಲಿ ಅಂತ ಹಾಕ್ದೆ. ಹೆಂಗಿದೆ ಐಡಿಯಾ?"

"ಅದು ವಿಷ ಸರ್."

"ಹೊಸ ಶೂ ಡಬ್ಬದಲ್ಲಿ ಬರಲ್ವಾ ಮಾರಾಯ್ತಿ, ಅದೇ ಇದು."

"ಅದು ಬಿಳೀದು. ಇದಕ್ಕೆ ಬಣ್ಣ ಬರ್ಲಿ ಅಂತ ಕೋಬಾಲ್ಟ್ ಹಾಕಿರ್ತಾರೆ. ಮಾಸ್ಕ್, ಗ್ಲೌಸ್ ಇಲ್ದೆ ಮುಟ್ಬೇಡ, ಪುಡಿ ಮೂಗಿಗೆ ಹೋಗ್ಬಾರ್ದು, ತಿನ್ನೋ ಸಾಮಾನಿನ ಹತ್ರ ಇಡ್ಬೇಡ ಅಂತ ನೀವೇ ಹೇಳಿಕೊಟ್ಟಿದ್ದು."

"ನಾನಾ?"

ರುದ್ರೇಶನ ದವಡೆ ನಿಂತಿತು. ಪ್ರಸಾದ ಉಗುಳುವ ಹಾಗಿಲ್ಲ, ವಿಷ ನುಂಗುವ ಹಾಗಿಲ್ಲ. ಕೆನ್ನೆ ಉಬ್ಬಿಸಿಕೊಂಡು ಗಣಪತಿ ಫೋಟೋವನ್ನೂ ಸಿಂಕನ್ನೂ ಒಂದೊಂದು ಸಲ ನೋಡಿದ. ಸಿಂಕು ಗೆದ್ದಿತು. ಬಾಯಿ ಮುಕ್ಕಳಿಸುತ್ತಲೇ ಬೆರಳಲ್ಲಿ ಲೆಕ್ಕ ತೋರಿಸಿದ: ಕೆಳಗಿನ ಗ್ಯಾರೇಜಿಗೆ ಒಂದು ದೊಡ್ಡ ಪೊಟ್ಟಣ, ಮೇಲಿನ ಮನೆಗೆ ಒಂದು, ಮ್ಯಾನೇಜರ್ ಹೆಡ್ ಆಫೀಸಿಗೆ ಒಯ್ದದ್ದು ಒಂದು. ಉಳಿದವೆಲ್ಲ ಮೇಜಿನ ಮೇಲೇ ಇವೆ.

ತನುಜಾ ಮಾಸ್ಕು, ಗ್ಲೌಸು ಹಾಕಿಕೊಂಡು ಮೆಟ್ಟಿಲಿಳಿದಳು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ವಜೀರ್ ಪೇಪರ್ ಹಾಸಿ ಮಂಡಕ್ಕಿ ಸುರಿದಿದ್ದ. ಸುತ್ತ ಮೂವರು ಗಿರಾಕಿಗಳು ಕೈ ಒರೆಸಿಕೊಂಡು ಕೂತಿದ್ದರು. ತನುಜಾ ಸೀದಾ ಹೋಗಿ ಪೇಪರಿನ ನಾಲ್ಕೂ ಮೂಲೆ ಹಿಡಿದು ಗಂಟು ಕಟ್ಟಿದಳು.

"ಅರೆ, ಏನ್ ತನುಜಕ್ಕ, ಕೊಟ್ಟೋರೂ ನೀವೇ, ಕಿತ್ಕೊಳ್ಳೋರೂ ನೀವೇನಾ?"

"ಅದ್ರಲ್ಲಿ... ಔಷಧಿ ಬಿದ್ದಿದೆ."

"ಇಲಿದಾ?"

"ಇಲಿದಲ್ಲ. ನಮ್ಮ ಲ್ಯಾಬಿಂದು. ತಿಂದ್ರಾ?"

"ಇಲ್ಲಕ್ಕ. ಬರೀ ಮಂಡಕ್ಕಿ ಏನ್ ತಿನ್ನೋದು, ಖಾರ ಹಾಕಾಣ ಅಂತ ಈರುಳ್ಳಿ ಹೆಚ್ತಿದ್ದೆ." ವಜೀರ್ ಕೈಲಿದ್ದ ಅರ್ಧ ಈರುಳ್ಳಿಯನ್ನು ನೋಡಿದ. ನಂತರ ಅದನ್ನು ಬಹಳ ಗೌರವದಿಂದ ಟೂಲ್ ಬಾಕ್ಸಿನ ಮೇಲಿಟ್ಟ.

ಮೇಲಿನ ಮನೆಯ ಜಗದಾಂಬಾ ಕಟ್ಟಡದ ಮಾಲೀಕರ ಹೆಂಡತಿ. ಪ್ರಸಾದ ವಾಪಸ್ ಕೇಳಿದ್ದಕ್ಕೆ ಅವರ ಹುಬ್ಬು ಕುಂಕುಮದ ತನಕ ಏರಿತು.

"ಯಾರು ಬಂದ್ರೇ ಹುಡುಗಿ ನನಗಿಂತ ದೊಡ್ಡೋರು? ಪೊಟ್ಣ ಕಡ್ಮೆ ಬಿತ್ತಾ?"

"ಅಲ್ಲಮ್ಮ, ಅದು ತಿನ್ನೋ ಹಂಗಿಲ್ಲ."

"ಮಂಡಕ್ಕಿ ನಾವು ತಿನ್ನಲ್ಲ, ದನಕ್ಕೆ ಹಾಕಾಣ ಅಂತ ಕವರಲ್ಲಿಟ್ಟಿದೀನಿ. ಪೆಪ್ಪರ್‌ಮೆಂಟ್ ಮಾತ್ರ ಆರಿಸಿ ತೆಗ್ದೆ. ಮೊಮ್ಮಗಳು ಮಲಗಿದಾಳೆ, ಎದ್ದ ಮೇಲೆ ಕೊಡ್ತೀನಿ."

ಟೀಪಾಯಿ ಮೇಲೆ ಬೆಳ್ಳಿ ಬಟ್ಟಲು. ಬಟ್ಟಲಲ್ಲಿ ಗುಲಾಬಿ ಮಣಿ. ಪಕ್ಕದ ಕೋಣೆಯಲ್ಲಿ ಮಗು ನಿದ್ದೆಯಿಂದೆದ್ದು "ಅಜ್ಜಿ" ಎಂದಿತು. ವಿವರಿಸಿ ಹೇಳುವಷ್ಟು ಹೊತ್ತಿರಲಿಲ್ಲ, ಅಷ್ಟು ಮಾತೂ ತನುಜಾಳಲ್ಲಿರಲಿಲ್ಲ. ಬಟ್ಟಲು, ಕವರು ಎರಡನ್ನೂ ಬಾಚಿಕೊಂಡು ಓಡಿದಳು. "ಹಬ್ಬದ ದಿನ ಬೆಳ್ಳಿ ಬಟ್ಲು ಹೊತ್ಕೊಂಡು ಹೋದ್ಲು ನೋಡ್ರೀ" ಎಂದು ಜಗದಾಂಬಾ ಬಾಲ್ಕನಿಯಿಂದ ಕೂಗಿದ್ದು ಬೀದಿಯ ಆ ತುದಿಗೂ ಕೇಳಿಸಿತು.

ಇನ್ನುಳಿದದ್ದು ಒಂದೇ ಪೊಟ್ಟಣ. ಮೂರನೇ ಸಲಕ್ಕೆ ಚಂದ್ರಶೇಖರಪ್ಪನವರ ಫೋನು ಸಿಕ್ಕಿತು.

"ಹೆಡ್ ಆಫೀಸ್ ಮೇಡಂ ಮುಂದೆ ಕೂತಿದೀನಮ್ಮ. ನಿನ್ ವಿಷ್ಯನೇ ಮಾತಾಡ್ತಿದ್ದೆ. ಏನು ಬೇಗ ಹೇಳು."

ಫೋನ್ ಇಟ್ಟುಬಿಟ್ಟರೆ ಗಲಾಟೆ ಇಲ್ಲ. ಕೆಲಸ ಕಾಯಂ. ತನುಜಾ ಒಂದು ಉಸಿರು ಎಳೆದುಕೊಂಡಳು.

"ಸರ್, ಮಂಡಕ್ಕಿ ಯಾರೂ ತಿನ್ಬೇಡಿ. ವಿಷದ ಮಣಿ ಸೇರಿದೆ."

ಆ ಕಡೆ ಕುರ್ಚಿ ಬಿದ್ದ ಸದ್ದು. ಚಂದ್ರಶೇಖರಪ್ಪನವರ ದನಿ ದೂರದಿಂದ ಬಂತು: "ಮೇಡಂ, ಒಂದ್ನಿಮಿಷ, ಬಾಯಿ ತೆಗೀರಿ ಮೇಡಂ."

ಹೆಡ್ ಆಫೀಸಿನ ಪೊಟ್ಟಣವೂ, ಮೇಡಂ ಬಾಯಿಂದ ತೆಗೆದದ್ದರ ಸಮೇತ, ಡ್ರೈವರ್ ಕೈಲಿ ವಾಪಸ್ ಬಂತು. ಮಧ್ಯಾಹ್ನವಿಡೀ ತನುಜಾ ಮಂಡಕ್ಕಿಯಿಂದ ಮಣಿ ಹೆಕ್ಕಿದಳು. ಎಲ್ಲ ಸೇರಿಸಿ ತೂಗಿದಾಗ ಇನ್ನೂರ ಮೂವತ್ತೊಂದು ಗ್ರಾಂ ಬಂತು.

"ಹಾಕಿದ್ದು ಇನ್ನೂರು, ಸಿಕ್ಕಿದ್ದು ಇನ್ನೂರ ಮೂವತ್ತೊಂದು," ರುದ್ರೇಶನ ಮುಖಕ್ಕೆ ಕಳೆ ಬಂತು. "ಲಾಭನೇ ಆಯ್ತಲ್ಲ."

"ನೀರು ಕುಡಿದಿದೆ ಸರ್. ಒಣಗಿಸಿ ತೂಗಿದ್ರೇ ಗೊತ್ತಾಗೋದು, ಯಾರ ಹೊಟ್ಟೆಗಾದ್ರೂ ಹೋಗಿದ್ಯಾ ಅಂತ."

ಕಿಟಕಿ ತೆರೆದು, ಫ್ಯಾನು ಹಾಕಿ, ಮಣಿಗಳನ್ನು ಓವನ್ನಿನಲ್ಲಿಟ್ಟಳು. ಗುಲಾಬಿ ಮೆಲ್ಲಗೆ ನೇರಳೆಯಾಗಿ, ನೇರಳೆ ನೀಲಿಯಾಗುವ ತನಕ ರುದ್ರೇಶ್ ಹೊಟ್ಟೆ ಹಿಡಿದುಕೊಂಡು ಓವನ್ನಿನ ಮುಂದೆಯೇ ಕೂತಿದ್ದ. ಆರಿದ ಮೇಲೆ ತೂಗಿದಳು. ಇನ್ನೂರು ಗ್ರಾಂ. ಒಂದು ಕೂದಲಿನಷ್ಟೂ ಕಡಿಮೆಯಿಲ್ಲ. ಮಂಡಕ್ಕಿಯನ್ನು ದನದ ಬಾಯಿಗೆ ಸಿಗದಂತೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೇಲೆ 'ವಿಷ' ಎಂದು ದೊಡ್ಡದಾಗಿ ಬರೆದಳು. ಆಮೇಲೆ ಸ್ಟೂಲಿನ ಮೇಲೆ ಕೂತು, ಯಾರಿಗೂ ಕಾಣದಂತೆ ಮಾಸ್ಕಿನೊಳಗೇ ಅತ್ತಳು.

ಸಂಜೆ ಚಂದ್ರಶೇಖರಪ್ಪನವರು ಬಂದು ಅವಳ ಕೈಗೆ ಒಂದು ಹಾಳೆ ಕೊಟ್ಟರು. ತನುಜಾ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅದು ಕಾಯಂ ನೇಮಕದ ಆದೇಶ. ಹುದ್ದೆ: ಸುರಕ್ಷತಾ ಮೇಲ್ವಿಚಾರಕಿ. ಅವಳ ಕಣ್ಣು ಮತ್ತೆ ತುಂಬಿತು.

"ಸರ್, ತಾರೀಕು ಒಂದು ತಪ್ಪಾಗಿದೆ. ನಿನ್ನೇದು ಬಿದ್ದಿದೆ."

"ತಪ್ಪಲ್ಲಮ್ಮ." ಚಂದ್ರಶೇಖರಪ್ಪನವರು ಕಿಟಕಿಯ ಕಡೆ ನೋಡಿದರು. "ಹಿಂಗಾಗಿದ್ದಕ್ಕೆ ಯಾರು ಜವಾಬ್ದಾರಿ ಅಂತ ಮೇಡಂ ಇವತ್ತೇ ಹೆಸರು ಕೇಳಿದಾರೆ. ಗುತ್ತಿಗೆಯೋರನ್ನ ಸಸ್ಪೆಂಡ್ ಮಾಡಕ್ಕೆ ಬರಲ್ಲ, ಕಾಯಂ ಆದೋರೇ ಆಗ್ಬೇಕು. ರುದ್ರೇಶ್ ಹೋದ್ರೆ ರಿಪೋರ್ಟಿಗೆ ಸೈನ್ ಮಾಡೋರಿಲ್ಲ, ಲ್ಯಾಬ್ ಮುಚ್ಚುತ್ತೆ. ನನಗೆ ರಿಟೈರಾಗಕ್ಕೆ ಎರಡು ವರ್ಷ ಇದೆ."

ಅವರು ಎರಡನೇ ಹಾಳೆ ಚಾಚಿದರು. ಅದರ ಮೇಲಿನ ತಾರೀಕು ಇವತ್ತಿನದೇ ಆಗಿತ್ತು.

"ಎರಡಕ್ಕೂ ಒಂದೊಂದು ಸೈನ್ ಹಾಕಮ್ಮ. ಆಮೇಲೆ ಹೋಗೋಕ್ ಮುಂಚೆ, ಆ ಮಣಿ ಹೆಂಗೆ ಮುಟ್ಬೇಕು ಅಂತ ರುದ್ರೇಶಂಗೆ ಒಂಚೂರು ಹೇಳಿಕೊಟ್ಟು ಹೋಗು."