ಇಪ್ಪತ್ತಾರು ಮೈಲಿಯ ಶಾಲು

ಅರ್ಜುನಪ್ಪನ ಓಟದ ಚಡ್ಡಿಯ ಕಿಸೆಯಲ್ಲಿ ಬಸ್ಸಿನ ಟಿಕೀಟು ಉಳಿಯಬಾರದಿತ್ತು. ಉಳಿದರೂ ಅದು ಹೆಂಡತಿ ಕಸ್ತೂರೆವ್ವನ ಕೈಗೆ ಸಿಗಬಾರದಿತ್ತು. ಬಟ್ಟೆ ಒಗೆಯಲು ಕುಳಿತವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಉಣಕಲ್ಲಿನಿಂದ ಧಾರವಾಡಕ್ಕೆ, ಒಬ್ಬರಿಗೆ.

"ಹುಬ್ಬಳ್ಳಿತನಕಾ ಓಡಿ ಹೋಗಿ, ಓಡೇ ಬಂದೇನಿ ಅಂದಿದ್ರೆಲ್ಲಾ?"

ಅರ್ಜುನಪ್ಪ ಗೋಡೆ ನೋಡಿದ. ಅವಳು ಎರಡನೇ ಸಲ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಹತ್ತು ಮಾತು ಕೇಳಿ ಹಗುರಾಗುತ್ತಿದ್ದ. ತನ್ನ ಗಂಡನ ಬಾಯಲ್ಲಿ ಸುಳ್ಳು ಬರುವುದಿಲ್ಲವೆಂದು ಹದಿನಾಲ್ಕು ವರ್ಷದಿಂದ ಓಣಿಗೆಲ್ಲ ಹೇಳಿಕೊಂಡು ಬಂದವಳು, ಈಗ ಸುಮ್ಮನೆ ಚಡ್ಡಿ ಹಿಂಡಿ ಒಣಹಾಕಿದಳು.

ನಡೆದದ್ದು ಇಷ್ಟೇ. ಅದು ಟೋಕಿಯೋದಲ್ಲಿ ಒಲಿಂಪಿಕ್ ನಡೆದ ವರ್ಷ. ಪತ್ರಿಕೆಯಲ್ಲಿ ಮ್ಯಾರಾಥಾನ್ ಸುದ್ದಿ ಓದಿದ ಒಂಬತ್ತು ಮಂದಿ ಸೇರಿ ಸಪ್ತಾಪುರದಲ್ಲಿ ಅರುಣೋದಯ ಓಟಗಾರರ ಸಂಘ ಕಟ್ಟಿದ್ದರು. ಒಂಬತ್ತರಲ್ಲಿ ಆರು ಜನ, ಅರ್ಜುನಪ್ಪನನ್ನೂ ಹಿಡಿದು, ಸರ್ಕಾರಿ ಕಚೇರಿಯವರು. ಹೀಗಾಗಿ ಓಡುವುದಕ್ಕೆ ಮೊದಲೇ ನಿಯಮಾವಳಿ ತಯಾರಾಯಿತು. ಕಾಲು ಓಡಿದರೆ ಸಾಲದು, ವಹಿಯಲ್ಲಿ ಸಹಿ ಬೀಳಬೇಕು. ಹೊರಡುವಲ್ಲಿ ಒಬ್ಬ ಸಾಕ್ಷಿ, ತಿರುಗುವಲ್ಲಿ ಒಬ್ಬ, ಮುಟ್ಟುವಲ್ಲಿ ಒಬ್ಬ. ಸಪ್ತಾಪುರದಿಂದ ಹುಬ್ಬಳ್ಳಿಯ ಕಮರಿಪೇಟೆಗೆ ಹೋಗಿ ಬಂದರೆ ಇಪ್ಪತ್ತಾರು ಮೈಲಿ. ಅಷ್ಟನ್ನು ಸಂಘದ ಒಬ್ಬನೂ ಓಡಿರಲಿಲ್ಲ.

ಹಿಂದಿನ ಐತವಾರ ಅರ್ಜುನಪ್ಪ ಓಡಲು ಹೊರಟಿದ್ದ. ಉಣಕಲ್ಲಿನ ಕೆರೆ ಮುಟ್ಟುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು. ಕೂತು ತಿಕ್ಕಿಕೊಳ್ಳುತ್ತಿದ್ದಾಗ ಧಾರವಾಡದ ಬಸ್ಸು ತಾನಾಗಿ ಬಂದು ಎದುರಿಗೆ ನಿಂತಿತು. ಪಾಪದ ಬಸ್ಸು! ಅವನು ಹತ್ತಿದ. ಅದು ನವಲೂರಿನ ಹತ್ತಿರ ಕೆಟ್ಟು ಎರಡು ತಾಸು ನಿಂತು, ಪೂರಾ ಓಡಿದವನಿಗೆ ಬೇಕಾಗುವಷ್ಟು ಹೊತ್ತನ್ನು ತಾನೇ ಕಳೆಯಿತು. ಕೊನೆಗೆ ಇಳಿದು ಕುಂಟುತ್ತ ಸಪ್ತಾಪುರಕ್ಕೆ ಬಂದವನನ್ನು ಕಂಡು ಅಧ್ಯಕ್ಷರಾದ ಸೋಮಪ್ಪ ಮಾಸ್ತರರು "ಗೆದ್ರಿ, ಗೆದ್ರಿ!" ಎಂದು ತಬ್ಬಿಕೊಂಡರು. "ಇಲ್ಲರೀ" ಎನ್ನಲು ಅರ್ಜುನಪ್ಪ ಬಾಯಿ ತೆರೆದ. ತೆರೆದ ಬಾಯಿಗೆ ಪೇಡೆ ಬಿತ್ತು. ಅದನ್ನು ನುಂಗುವಷ್ಟರಲ್ಲಿ ಹೇಳುವ ಹೊತ್ತು ಮೀರಿ ಹೋಗಿತ್ತು.

ತಿರುಗುವಲ್ಲಿ ಸಾಕ್ಷಿ ನಿಲ್ಲಬೇಕಾದವನು ಕಮರಿಪೇಟೆಯ ಹತ್ತಿ ವ್ಯಾಪಾರಿ ಫಕೀರಪ್ಪ. ಅವನು ಮರುದಿನ ಬಂದು, "ಕುದರಿ ಬಂದಂಗ ಬಂದ್ರು ನೋಡ್ರಿ, ಕಣ್ಣಾರೆ ಕಂಡೇನಿ" ಎಂದು ಹೇಳಿ ಸಹಿ ಹಾಕಿಯೇಬಿಟ್ಟ. ಅಂದು ಅವನು ಮಗಳ ಲಗ್ನಕ್ಕೆ ಹಣ ಹೊಂದಿಸಲು ನವಲಗುಂದಕ್ಕೆ ಹೋಗಿದ್ದನೆಂಬುದು ಆಮೇಲೆ ಅರ್ಜುನಪ್ಪನಿಗಷ್ಟೇ ತಿಳಿಯಿತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಮುಂದಿನ ಐತವಾರ ಸಂಜೆ ಐದಕ್ಕೆ ಸತ್ಕಾರವೆಂದು ನಿಗದಿಯಾಯಿತು.

ಆ ಐತವಾರ ನಸುಕಿನಲ್ಲೇ ಅರ್ಜುನಪ್ಪ ಚಡ್ಡಿ ಏರಿಸಿ ನಿಂತ.

"ಇವತ್ತ ಖರೇನ ಓಡಿ ಬರತೇನಿ. ಸಂಜೀಕ ಎಲ್ಲಾರ ಮುಂದ ಇದ್ದದ್ದು ಇದ್ದಂಗ ಹೇಳತೇನಿ. ನೀ ಬರತಿಯಿಲ್ಲೋ?"

"ಹೋಗಿ ಬರ್ರಿ," ಎಂದಳು ಕಸ್ತೂರೆವ್ವ. "ನಾ ಒಲ್ಲೆ."

ಹೊಸ್ತಿಲು ದಾಟಿದನೋ ಇಲ್ಲವೋ, ಪಕ್ಕದ ಮನೆಯ ಕಾಶೀಬಾಯಿ ಆರತಿ ತಟ್ಟೆ ಹಿಡಿದು ಅಡ್ಡ ಬಂದಳು. "ಓಣಿ ಹೆಸರು ತಂದೀರಿ, ಹಂಗ ಬಿಡತೇನೇನು ನಿಮ್ಮನ್ನ!" ಆರತಿಯಾಯಿತು. ಎರಡು ತಟ್ಟೆ ಶಿರಾ ಆಯಿತು. ಮೂರನೆಯದನ್ನು ತರಲು ಅವಳು ಒಳಗೆ ಹೋದಾಗ ಅರ್ಜುನಪ್ಪ ಓಟ ಕಿತ್ತು ತಪ್ಪಿಸಿಕೊಂಡ. ನವಲೂರಿನವರೆಗೂ ಆ ಶಿರಾ ಹೊಟ್ಟೆಯಲ್ಲಿ ರುಬ್ಬುಗುಂಡಿನಂತೆ ಕುಳಿತಿತ್ತು.

ಭೈರಿದೇವರಕೊಪ್ಪದ ಹತ್ತಿರ ಸಂಘದ ಕಾರ್ಯದರ್ಶಿ ಹನುಮಪ್ಪ ಎದುರಾದ. ಹುಬ್ಬಳ್ಳಿಯಿಂದ ಸತ್ಕಾರದ ಹಾರ ತೆಗೆದುಕೊಂಡು ಸೈಕಲ್ ಮೇಲೆ ಹೊರಟಿದ್ದ.

"ಸತ್ಕಾರದ ದಿನಾನೂ ಓಡತೀರೇನ್ರಿ? ಕಾಲಿಗೇನರ ಆದ್ರ ಶಾಲು ಯಾರಿಗೆ ಹೊಚ್ಚೂಣು? ಕುಂದರ್ರಿ ಹಿಂದ!" ಎಂದವನೇ ಬೇಡವೆಂದರೂ ಕೇಳದೆ ಎತ್ತಿ ಕೂರಿಸಿ ಧಾರವಾಡದ ಕಡೆ ತುಳಿದ. ಅರ್ಧ ಮೈಲಿ ಹೋದ ಮೇಲೆ ಅರ್ಜುನಪ್ಪ ಜಾಲಿ ಗಿಡದ ಮೇಲೆ ಜಿಗಿದ. ಮುಳ್ಳು ಕೀಳುತ್ತ, ತನ್ನನ್ನು ಎತ್ತಿಕೊಂಡ ಜಾಗಕ್ಕೇ ಮರಳಿ ನಡೆದು, ಅಲ್ಲಿಂದಲೇ ಮತ್ತೆ ಓಟ ಶುರುಮಾಡಿದ. ಒಂದು ಹೆಜ್ಜೆಯೂ ಖೋಟಾ ಆಗಬಾರದು.

"ಅಯ್ಯಯ್ಯ, ಧಾರವಾಡ ಈ ಕಡೆ ಐತ್ರೀ!" ಎಂದು ಹನುಮಪ್ಪ ಕೂಗಿಕೊಂಡ. ಅರ್ಜುನಪ್ಪ ತಿರುಗಿಯೂ ನೋಡಲಿಲ್ಲ.

ಕಮರಿಪೇಟೆ ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು. ಫಕೀರಪ್ಪ ಈ ಸಲ ಕಟ್ಟೆಯ ಮೇಲೆಯೇ ಕುಳಿತಿದ್ದ. ತಂಬಿಗೆ ನೀರು ಕೊಟ್ಟು, "ಮತ್ಯಾಕ ಬಂದ್ರಿ ಓಡಿ?" ಎಂದು ಕೇಳಿದ.

"ಹೋದ ವಾರ ನಾ ಇಲ್ಲಿಗಿ ಬಂದ ಇರಲಿಲ್ಲರಿ. ಉಣಕಲ್ಲಿನ್ಯಾಗ ಬಸ್ ಹತ್ತಿದೆ."

ಫಕೀರಪ್ಪನ ಮುಖ ಸಣ್ಣದಾಯಿತು. "ಹಂಗಾರ ನಾ ಕಣ್ಣಾರೆ ಕಂಡದ್ದು ಯಾರನ್ನ?"

"ಅದನ್ನ ನೀವ ಹೇಳಬೇಕ್ರಿ. ಇವತ್ತರ ನೋಡಿದ್ರೆಲ್ಲಾ? ಸಂಜೀಕ ಅದನ್ನಷ್ಟ ಹೇಳ್ರಿ, ಸಾಕು."

ಫಕೀರಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅರ್ಜುನಪ್ಪ ಅದನ್ನು ಹೂಂ ಎಂದೇ ತಿಳಿದು ತಿರುಗಿ ಓಡಿದ.

ಓಡಿದ, ನಡೆದ, ಮತ್ತೆ ಓಡಿದ. ಬಲಗಾಲಿನ ಉಗುರು ಕಿತ್ತು ಬಂತು. ಉಣಕಲ್ಲಿನಲ್ಲಿ ಧಾರವಾಡದ ಬಸ್ಸು ಪಕ್ಕಕ್ಕೆ ನಿಂತು ಕಂಡಕ್ಟರ್ "ಬರ್ರಿ, ಜಾಗಾ ಐತಿ" ಎಂದು ಕರೆದಾಗ ಅಳುವೇ ಬಂತು. ಆದರೂ ಹತ್ತಲಿಲ್ಲ. ಕಿಟಕಿಯಲ್ಲಿ ಫಕೀರಪ್ಪನ ತಲೆಯ ರುಮಾಲು ಕಂಡಿತು. ಕೈ ಬೀಸಿದರೆ ರುಮಾಲು ಆಚೆ ಕಡೆ ತಿರುಗಿತು.

ಸೋಮಪ್ಪ ಮಾಸ್ತರರ ಅಂಗಳಕ್ಕೆ ಅವನು ಬಂದು ಮುಟ್ಟಿದಾಗ ಐದೂವರೆ. ಮಂದಿ ಕಿಕ್ಕಿರಿದಿತ್ತು. ಚಪ್ಪಾಳೆ ಬಿತ್ತು. ಹಾರ ಕೊರಳಿಗೆ ಬರುವ ಮೊದಲೇ ಅರ್ಜುನಪ್ಪ ಕೈ ಅಡ್ಡ ಹಿಡಿದ.

"ನನಗ ಈ ಹಾರ ಬ್ಯಾಡ್ರಿ. ಹೋದ ಐತವಾರ ನಾ ಉಣಕಲ್ಲಿನಿಂದ ಬಸ್ಸಿನ್ಯಾಗ ಬಂದೆ. ತಪ್ಪಾತು. ಇವತ್ತ ಮಾತ್ರ ಪೂರಾ ಓಡೇನಿ. ಬೇಕಾರ ಫಕೀರಪ್ಪನವರನ್ನ ಕೇಳ್ರಿ."

ಎಲ್ಲರ ಮುಖ ಫಕೀರಪ್ಪನ ಕಡೆ ತಿರುಗಿತು. ಅವನು ಮೆಲ್ಲಗೆ ಎದ್ದು ನಿಂತು ರುಮಾಲು ಸರಿಮಾಡಿಕೊಂಡ.

"ಇವತ್ತ ನಾ ಇವರನ್ನ ನೋಡಿಲ್ಲರಿ. ಹೋದ ಐತವಾರ ನೋಡೇನಿ. ನನ್ನ ಸಹಿ ಐತೆಲ್ಲಾ?"

"ಬಿಸಲ ಹತ್ತೇತ್ರಿ ಅವರಿಗೆ!" ಎಂದು ಹನುಮಪ್ಪ ಮರುಕದಿಂದ ದನಿಗೂಡಿಸಿದ. "ಮುಂಜಾನಿ ಜಾಲಿ ಗಿಡದಾಗ ಹಾರಿದ್ರು. ಧಾರವಾಡ ಯಾವ ಕಡಿ ಅನ್ನೂದೂ ಮರತಿತ್ತು, ಪಾಪ."

ಸೋಮಪ್ಪ ಮಾಸ್ತರರು ವಹಿ ತರಿಸಿ, ಕನ್ನಡಕ ಏರಿಸಿ, ಮೂರೂ ಸಹಿ ನೋಡಿದರು. "ಹೋದ ಐತವಾರದ ಓಟ ಕಾಯಂ. ಇವತ್ತಿಂದಕ್ಕ ಸಾಕ್ಷಿ ಇಲ್ಲ, ಅದನ್ನ ಹಿಡಿಯಾಕ ಬರೂದಿಲ್ಲ. ಆದ್ರ ಏನ ವಿನಯರೀ ಇದು! ಗೆದ್ದ ಮನಶ್ಯಾ ನಾ ಗೆದ್ದಿಲ್ಲ ಅಂತಾನ!" ಎಂದು ಕಣ್ಣೊರೆಸಿಕೊಂಡರು. ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಇಬ್ಬರು ಹಿಡಿದುಕೊಂಡರು, ಮೂರನೆಯವನು ಶಾಲು ಹೊದಿಸಿದ.

ಗದ್ದಲದಲ್ಲಿ ಫಕೀರಪ್ಪ ಕಿವಿಯ ಹತ್ತಿರ ಬಂದ. "ಸಿಟ್ಟಾಗಬ್ಯಾಡ್ರಿ. ಬೀಗರಾಗವರು ಮುಂದಿನ ಸಾಲಿನ್ಯಾಗ ಕುಂತಾರ. ನಾ ಸುಳ್ಳ ಸಹಿ ಮಾಡಾಂವ ಅಂತ ಗೊತ್ತಾದ್ರ ಮಗಳ ಲಗ್ನ ನಿಂತು ಹೋಗತೈತ್ರಿ." ಅವನ ಕಣ್ಣು ಒದ್ದೆಯಾಗಿತ್ತು. ಅರ್ಜುನಪ್ಪನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ತಾನೇನು ಹರಿಶ್ಚಂದ್ರನೇ? ಅಂದು ಪೇಡೆಯನ್ನು ಉಗುಳಿ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹೋಗಲಿ, ಊರು ನಂಬದಿದ್ದರೆ ನಂಬದಿರಲಿ, ಅವಳೊಬ್ಬಳು ನಂಬಿದರೆ ಸಾಕು ಎಂದುಕೊಂಡು ಕುಂಟುತ್ತ ಮನೆಗೆ ಬಂದ. ಕಸ್ತೂರೆವ್ವ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಅವನು ಎದುರಿನ ಕಟ್ಟೆಯ ಮೇಲೆ ಕುಸಿದು ಕಾಲು ಚಾಚಿದ. ಎರಡೂ ಬಾತು ಕಂಬವಾಗಿದ್ದವು.

ಅವಳು ಮೊದಲು ಹೊಸ ಶಾಲು ನೋಡಿದಳು. ಆಮೇಲೆ ಕಾಲು ನೋಡಿದಳು. ಮೊರ ಪಕ್ಕಕ್ಕಿಟ್ಟು, ವಾರದ ಮೇಲೆ ಮೊದಲ ಸಲ ಕನಿಕರದಿಂದ ಮಾತಾಡಿದಳು.

"ಇವತ್ತ ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಗಲಿಲ್ಲೇನ್ರಿ?"