ಮಹಡಿ ಮೇಲಿನ ಕೈಲಾಸ

ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಿಕ್ಕರೆ ಮನುಷ್ಯನಿಗೆ ಇನ್ನೇನು ಬೇಕು ಅನ್ನುವವರಿದ್ದಾರೆ. ಪಾಪ, ಅವರ ಹೆಸರು ಯಾವತ್ತೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿಲ್ಲ ಅಂತ ಕಾಣುತ್ತದೆ. ನನ್ನದು ಆಗಿದೆ. ತಲ್ಲೂರಿನಲ್ಲಿ ನಮ್ಮ ಕೇರಿಯ ಗಣೇಶೋತ್ಸವದ ಪತ್ರಿಕೆ ತೆಗೆದು ನೋಡಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರುಗಳ ದಂಡು ದಾಟಿ ಕೊನೆಯ ಪುಟಕ್ಕೆ ಬಂದರೆ, ಪ್ರೆಸ್ಸಿನವರ ಹೆಸರಿಗಿಂತ ಒಂದೇ ಸಾಲು ಮೇಲೆ, ‘ಅಲಂಕಾರ ಸಂಚಾಲಕರು’ ಅಂತ ನಾನಿರುತ್ತಿದ್ದೆ. ಕುಂದಾಪುರದಲ್ಲಿ ನಲ್ಲಿ, ಪೈಪು ಮಾರುವ ನನಗೂ ಅಲಂಕಾರಕ್ಕೂ ಏನು ಸಂಬಂಧ ಅಂತ ಕೇಳುತ್ತೀರಾ? ನಮ್ಮ ಮನೆಯ ಮಹಡಿಯಲ್ಲಿ ಒಂದು ಖಾಲಿ ಕೋಣೆ ಇತ್ತು, ಅದೇ ಸಂಬಂಧ. ಸಾಮಾನು ಇಡಲು ಜಾಗ ಕೊಟ್ಟವನಿಗೆ ಒಂದು ಪದವಿಯಾದರೂ ಬೇಡವೇ?

ಮೊದಲು ಬಂದದ್ದು ಬರೀ ದೀಪದ ಮಾಲೆ. ಹಿಂದೆಯೇ ಪ್ಲಾಸ್ಟಿಕ್ ತೋರಣ, ಮಂಟಪದ ಕಂಬ, ಸ್ಯಾಟಿನ್ ಪರದೆ, ಒಂದು ಕಿವಿಯ ನಂದಿ ಮಹಡಿ ಹತ್ತಿದವು. ಒಂದು ವರ್ಷ ಉತ್ಸಾಹ ಉಕ್ಕಿ ಥರ್ಮಕೋಲಿನಲ್ಲಿ ಕೈಲಾಸ ಪರ್ವತವನ್ನೇ ಮಾಡಿಸಿದರು. ದೇವರನ್ನು ವರ್ಷ ವರ್ಷ ನೀರಿಗೆ ಬಿಟ್ಟು ಬರುತ್ತಿದ್ದೆವು, ಪರ್ವತ ಮಾತ್ರ ನಮ್ಮ ಮನೆಗೇ ಬರುತ್ತಿತ್ತು.

ಈ ನಡುವೆ ನನ್ನ ಹೆಂಡತಿ ಜಲಜಾ ಹೊಲಿಗೆ ಕಲಿತು, ದೊಡ್ಡದೊಂದು ಮಿಷನ್ ತರಿಸಿದಳು. ಅದನ್ನು ಇಡಲು ಸಿಕ್ಕಿದ್ದು ಅಡುಗೆಮನೆ ಪಕ್ಕದ ಊಟದ ಜಾಗ. ಅವಳ ಕೈಕೆಲಸ ಚಂದ, ಕೇರಿಯ ಹೆಂಗಸರೆಲ್ಲ ರವಿಕೆ ಕೊಟ್ಟರು. ಆದರೆ ಮದುಮಗಳೊಬ್ಬಳ ರೇಷ್ಮೆ ರವಿಕೆಗೆ ಬಂಗುಡೆ ಮೀನಿನ ಸಾರಿನ ಪರಿಮಳ ಹತ್ತಿತು ನೋಡಿ, ಒಬ್ಬೊಬ್ಬರೇ ಬಟ್ಟೆ ವಾಪಸು ಒಯ್ದರು. ಕಳೆದ ಚೌತಿ ಮುಗಿದ ಮೇಲೆ ಅವಳು ಬಂದು ನನ್ನ ಎದುರು ನಿಂತಳು. “ಹ್ವಾಯ್, ದೇವ್ರ್ ನೀರಿಗೆ ಹೋಯಿ ವಾರ ಆಯ್ತ್. ಅವ್ರ್ ಕೈಲಾಸ ಇನ್ನೂ ನಮ್ಮನೇಲೇ ಇತ್ತಲೆ? ನನ್ ಮಿಷನ್ನಿಗೆ ಜಾಗ ಕೊಡ್ತ್ರಿಯಾ, ಇಲ್ಲ ಮಾರಿ ಬಿಡ್ಲಾ?” ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ನಿಜಕ್ಕೂ ಬೇಜಾರಾಯಿತು.

ಭಾನುವಾರ ಪಂಚೆ ಎತ್ತಿ ಕಟ್ಟಿ ಸಾಮಾನು ಕಟ್ಟುವ ಕೆಲಸಕ್ಕೆ ಇಳಿದೆ. ಬಿಸ್ಕತ್ತಿನ ಖಾಲಿ ಪೆಟ್ಟಿಗೆ ತಂದು, ಮೇಲೆ ‘ಮುಖ್ಯ’, ‘ಅತಿ ಮುಖ್ಯ’, ‘ಇತರೆ’ ಅಂತ ಬರೆದೆ. ಸಂಜೆಗೆ ನೋಡಿದರೆ ಎಲ್ಲವೂ ‘ಇತರೆ’ಯಲ್ಲೇ ಇತ್ತು. ದೀಪದ ಮಾಲೆಯನ್ನು ಮೊಣಕೈಗೆ ಸುತ್ತಿ ಸುತ್ತಿ, ಕೊನೆಗೆ ಕೈಯನ್ನು ಬಿಡಿಸಿಕೊಳ್ಳಲು ಜಲಜಾಳನ್ನೇ ಕರೆಯಬೇಕಾಯಿತು. ಕೈಲಾಸವನ್ನು ಹೊತ್ತು ಕೆಳಗಿಳಿಸಿದೆನಲ್ಲ, ಊಟದ ಜಾಗದಲ್ಲಿ ಫ್ಯಾನು ತಿರುಗುತ್ತಿದೆ ಅನ್ನುವುದು ಮರೆತೇ ಹೋಗಿತ್ತು. ಅಯ್ಯೋ, ಏನು ಹೇಳಲಿ! ಸಾರಿನ ಪಾತ್ರೆಗೆ, ಮಿಷನ್ನಿಗೆ, ನನ್ನ ಮೀಸೆಗೆ ಹಿಮ ಬಿತ್ತು. ಆವತ್ತು ಬರೀ ಮಜ್ಜಿಗೆಯಲ್ಲಿ ಉಂಡೆವು.

ಕಟ್ಟಿದ್ದಾಯಿತು, ಕೊಂಡುಹೋಗಿ ಹಾಕುವುದೆಲ್ಲಿ? ಉಪಾಧ್ಯಕ್ಷರ ಮನೆಯಲ್ಲಿ ಇಲಿ ಕಾಟವಂತೆ. ಕಾರ್ಯದರ್ಶಿ ಮನೆಯಲ್ಲಿ ಇಲಿ ಇಲ್ಲ, ನಮ್ಮ ಸಾಮಾನಿನ ಜೊತೆ ಬಂದೀತು ಅನ್ನುವ ಹೆದರಿಕೆಯಂತೆ. ಅಧ್ಯಕ್ಷರಂತೂ, “ದೇವ್ರ್ ಸಾಮಾನ್ ಒಂದ್ಸಲ ಕೂತ್ ಜಾಗ ಬಿಟ್ಟ್ ಏಳ್ಸುಕಾಗ,” ಅಂದುಬಿಟ್ಟರು, ನಮ್ಮ ಮಹಡಿಯಲ್ಲಿ ದೇವರ ಪ್ರತಿಷ್ಠೆಯಾಗಿ ಬ್ರಹ್ಮಕಲಶ ಆದ ಹಾಗೆ.

ಕಡೆಗೆ ಆಚೆಮನೆ ಶೀನಣ್ಣ ಬೇಲಿಯಾಚೆಯಿಂದ ಕೂಗಿದ. “ಎಂತಕ್ಕೆ ಮಂಡೆಬಿಸಿ ಮಾರಾಯಾ? ನನ್ ಕಾರ್ ಶೆಡ್ ಖಾಲಿ ಇತ್ತ್, ತಂದ್ ಹಾಕ್.” ಓಡಿಹೋಗಿ ಕೈ ಹಿಡಿದುಕೊಂಡೆ. ಆಗ ಹೇಳಿದ, “ಒಂದ್ ಮಾತ್. ಸಾಮಾನ್ ಎಲ್ಲಿತ್ತೋ ಹೆಸ್ರೂ ಅಲ್ಲೇ ಇರ್ಕ್. ಬಪ್ಪು ವರ್ಷ ಪತ್ರಿಕೇಲಿ ಅದೊಂದ್ ಬದ್ಲ್ ಮಾಡ್ಸ್.”

ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟೆ. ಮನೆಗೆ ಬಂದು ಕೈಲಾಸಕ್ಕೆ ಬೆನ್ನು ಕೊಟ್ಟು ಕೂತೆ. ಕೊನೆಯ ಪುಟ ಯಾರು ಓದುತ್ತಾರೆ ಅಂತ ಸಮಾಧಾನ ಮಾಡಿಕೊಂಡೆ; ನಾನು ಓದುತ್ತೇನಲ್ಲ ಅಂತ ಮನಸ್ಸು ಅಳುತ್ತಿತ್ತು. ಊಟದ ಜಾಗದಲ್ಲಿ ಜಲಜಾ ಮಿಷನ್ನಿಗೆ ಹತ್ತಿದ ಥರ್ಮಕೋಲಿನ ಹರಳುಗಳನ್ನು ಒಂದೊಂದೇ ಹೆಕ್ಕುತ್ತಿದ್ದಳು. ಎದ್ದು ಪೆಟ್ಟಿಗೆ ಹೊತ್ತೆ. ಎಲ್ಲವನ್ನೂ, ಒಂದು ಕಿವಿಯ ನಂದಿಯ ಸಮೇತ, ಶೀನಣ್ಣನ ಶೆಡ್ಡಿಗೆ ಮುಟ್ಟಿಸಿ ಬಂದೆ. ಮರುದಿನ ಮಿಷನ್ ಮಹಡಿ ಹತ್ತಿತು, ರವಿಕೆಗಳೂ ವಾಪಸು ಬಂದವು. ಜಲಜಾಳ ಮುಖ ನೋಡಿ ನನಗೂ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಈ ವರ್ಷ ಚೌತಿಗೆ ಮೊದಲು ಶೀನಣ್ಣ ಪೆಟ್ಟಿಗೆ ಬಿಚ್ಚಿದರೆ, ಪರದೆಗಳೆಲ್ಲ ಇಲಿಯ ಪಾಲಾಗಿದ್ದವು. ಹೊಸ ಪರದೆ, ಝಾಲರು ಹೊಲಿಯಬೇಕು. ಜಲಜಾ ಬಿಟ್ಟು ಯಾರಿದ್ದಾರೆ? ಬಟ್ಟೆಯ ಥಾನುಗಳು ಬಂದವು. ಅಳತೆಗೆ ಬೇಕು ಅಂತ ಕಂಬಗಳು ಬಂದವು. “ದೇವ್ರ್ ಕೆಲ್ಸ, ಹೊಲಿಗೆಗೆ ದುಡ್ಡ್ ತಕಂತಿಲ್ಲೆ,” ಅಂದಳು ಅವಳು. ಅಷ್ಟಕ್ಕೇ ಸಮಿತಿಯವರು ಕರಗಿ ನೀರಾದರು.

ನಿನ್ನೆ ಪತ್ರಿಕೆ ಬಂತು. ಅಭ್ಯಾಸಬಲ, ಕೊನೆಯ ಪುಟ ತೆಗೆದೆ. ಪ್ರೆಸ್ಸಿನವರ ಹೆಸರಿನ ಮೇಲೆ ಶೀನಣ್ಣ ಹಾಯಾಗಿ ಕೂತಿದ್ದ. ಜಲಜಾ, “ಮೊದಲ್ನೇ ಪುಟ ಕಾಣಿ,” ಅಂದಳು. ಕಂಡೆ. ಗೌರವಾಧ್ಯಕ್ಷರಿಗಿಂತಲೂ ಮೇಲೆ, ಕೆಂಪು ಅಕ್ಷರದಲ್ಲಿ: ‘ಮಂಟಪದ ವಸ್ತ್ರಾಲಂಕಾರ ಸೇವೆ: ಶ್ರೀಮತಿ ಜಲಜಾ ಮತ್ತು ಮನೆಯವರು.’

ಇಷ್ಟು ವರ್ಷ ಕೊನೆಯ ಪುಟದಲ್ಲಿ ಕೊಳೆತವನು ಅಂತೂ ಮೊದಲ ಪುಟಕ್ಕೆ ಬಂದೆ, ಹೆಸರೊಂದು ಬಿಟ್ಟು. ಆ ‘ಮನೆಯವರು’ ಯಾರು ಅಂತ ಅನುಮಾನವಿದ್ದರೆ ಮಹಡಿ ಹತ್ತಿ ಬನ್ನಿ. ಕನ್ನಡಕ ಏರಿಸಿಕೊಂಡು, ಅವಳ ಸೂಜಿಗೆ ದಾರ ಪೋಣಿಸುತ್ತಾ ಕೂತಿರುತ್ತೇನೆ.