ಮಂಟಯ್ಯನ ಮಿದುಳು

"ಡಾಕ್ಟ್ರೇ, ನಮ್ಮ್ ಯಜಮಾನ್ರು ಒಂಟೋದ್ರು ಕಣ್ರೀ, ಇನ್ನೂ ಬೆಳಕರ್ದಿರ್ಲಿಲ್ಲ..." ಎಂದಿತು ಫೋನು. ಆಮೇಲೆ ಗೊರಗೊರ ಸದ್ದು. ಆಮೇಲೆ ಅದೂ ಇಲ್ಲ.

ಮೈಸೂರಿನ ತಮ್ಮ ಮನೆಯ ಬಚ್ಚಲಲ್ಲಿ ನಿಂತಿದ್ದ ಡಾಕ್ಟರ್ ಗೌರೀಶರ ಬಾಯಲ್ಲಿ ಬ್ರಶ್ಶು ಹಾಗೆಯೇ ನಿಂತಿತು. ಮಾತಾಡಿದವರು ಬೆಟ್ಟದಪುರದ ಸಿದ್ದಲಿಂಗಮ್ಮ. ಹೊರಟುಹೋದದ್ದು ಅವರ ಗಂಡ ಮಂಟಯ್ಯ. ತಿರುಗಿ ಫೋನು ಮಾಡಿದರೆ, ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಣ್ಣುದನಿಯೊಂದು ಬಲು ವಿನಯದಿಂದ ತಿಳಿಸಿತು. ಗೌರೀಶರಿಗೆ ಅದೂ ಸಾವಿನ ಸುದ್ದಿಯಂತೆಯೇ ಕೇಳಿಸಿತು.

ಗೌರೀಶ್ ಡಾಕ್ಟರಾದರೂ ಜೀವಮಾನದಲ್ಲಿ ಯಾರಿಗೂ ಒಂದು ಮಾತ್ರೆ ಕೊಟ್ಟವರಲ್ಲ. ಮಿದುಳಿನಿಂದ ಕತ್ತರಿಸಿ ತೆಗೆದ ಗಡ್ಡೆಯ ಚೂರನ್ನು ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಸಾಧುವೋ ಕ್ರೂರಿಯೋ ಹೇಳುವುದು ಅವರ ಕೆಲಸ. ರೋಗಿಗಳು ಅವರ ಹತ್ತಿರ ಬರುತ್ತಿರಲಿಲ್ಲ, ರೋಗಿಗಳ ಚೂರುಗಳು ಬರುತ್ತಿದ್ದವು. "ನಮ್ಮೋರೂ ಡಾಕ್ಟ್ರೇ, ಆದ್ರೆ ಜ್ವರ ಗಿರ ಅಂತ ಕೇಳ್ಬೇಡಿ" ಎಂದು ಹೆಂಡತಿ ಭಾವನಾ ಬೀದಿಗೆಲ್ಲ ಹೇಳಿಯಾಗಿತ್ತು.

ಆ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಕ್ರೂರಿಯಾದದ್ದೊಂದಿತ್ತು. ಅದು ಹಿಡಿದವರು ಎರಡನೆಯ ಯುಗಾದಿಯ ಬೇವು ತಿಂದದ್ದು ಅಪರೂಪ. ಮಂಟಯ್ಯನ ತಲೆಯಿಂದ ಬಂದ ಚೂರಿನಲ್ಲಿ ಇದ್ದದ್ದು ಅದೇ. ಆದರೆ ಮಂಟಯ್ಯ ಸಾಯಲಿಲ್ಲ. ಹತ್ತು ವರ್ಷ ಬದುಕಿ, ಹೊಗೆಸೊಪ್ಪು ಬೆಳೆದು, ಹೆಂಡತಿಯನ್ನು ಬೈದುಕೊಂಡು ಆರಾಮಾಗಿದ್ದ. ಯಾಕೆ ಸಾಯಲಿಲ್ಲ? ಈ ಒಂದು ಪ್ರಶ್ನೆಯ ಮೇಲೆ ಗೌರೀಶರ ಸಂಶೋಧನೆ, ಬಡ್ತಿ, ವಿದೇಶದ ಭಾಷಣ ಎಲ್ಲವೂ ಒಂಟಿ ಕಂಬದ ಮೇಲಿನ ಚಪ್ಪರದಂತೆ ನಿಂತಿದ್ದವು. ಉತ್ತರ ಮಾತ್ರ ಮಂಟಯ್ಯನ ಬುರುಡೆಯೊಳಗೇ ಉಳಿದಿತ್ತು. ಅದನ್ನು ಕೊಡಲು ಮಂಟಯ್ಯನ ತಕರಾರೇನೂ ಇರಲಿಲ್ಲ. "ಸತ್ಮೇಲೆ ತಕಂಡೋಗಿ ಸಾ. ಬದುಕಿರೋವಾಗ್ಲೇ ಕೆಲ್ಸುಕ್ ಬರ್ಲಿಲ್ಲ, ಸತ್ಮೇಲ್ ಯಾಕೆ?" ಎಂದಿದ್ದ. ಗಂಡನಿಗೆ ಏನಾದರೂ ಮೊದಲು ನನಗೆ ತಿಳಿಸಿ ಎಂದು ಗೌರೀಶ್ ಸಿದ್ದಲಿಂಗಮ್ಮನಿಗೆ ಹೇಳಿಟ್ಟಿದ್ದರು. ಆಕೆ ನೆಗಡಿಯಾದರೂ ತಿಳಿಸುತ್ತಿದ್ದಳು.

ಗೌರೀಶರಿಗೆ ದುಃಖವಾಯಿತು, ಸುಳ್ಳಲ್ಲ. ಆದರೆ ತಲೆಯೆತ್ತಿದಾಗ ಕನ್ನಡಿಯಲ್ಲಿ ಕಂಡದ್ದು ರ‍್ಯಾಂಕು ಬಂದ ಹುಡುಗನ ಮುಖ. ನಾಚಿ ಇನ್ನೊಮ್ಮೆ ಮುಖ ತೊಳೆದರು.

ಮಿದುಳು ಬೇಗ ಕೆಡುವ ವಸ್ತು. ಮನೆಯಲ್ಲಿದ್ದ ಐಸ್ ಪೆಟ್ಟಿಗೆಯನ್ನೇ ಕಾರಿಗೆ ಹಾಕಿಕೊಂಡು ಹೊರಟರು. ಪಿರಿಯಾಪಟ್ಟಣದ ಪರಿಚಯದ ವೈದ್ಯರಿಗೆ ಫೋನು ಮಾಡಿ, ಹೆಣ ಕುಯ್ಯಲು ಒಂದು ಮೇಜು ಖಾಲಿ ಇಡಿಸಿದರು. ಬಿಳಿಕೆರೆಯಲ್ಲಿ ಮೀನಿನವನ ಹತ್ತಿರ ಐಸು ತುಂಬಿಸಿದರು.

"ಯಾವ್ ಮೀನು ಸಾ, ಇಷ್ಟ್ ಐಸು?"

"ಮೀನಲ್ಲ."

"ಮಟನ್ನಾ?"

ಗೌರೀಶ್ ದುಡ್ಡು ಕೊಟ್ಟು ಕಾರು ಹತ್ತಿದರು. ಹುಣಸೂರಿನಲ್ಲಿ ಒಂದು ದಪ್ಪ ಹಾರ ಕೊಂಡರು.

ಬೆಟ್ಟದಪುರ ಬಸ್‌ ನಿಲ್ದಾಣದ ಎದುರು ಸಿದ್ದಮಲ್ಲಪ್ಪನ ಕಿರಾಣಿ ಅಂಗಡಿ. ಊರಿನ ಸುದ್ದಿಯೆಲ್ಲ ಅಲ್ಲೇ ಹುಟ್ಟಿ, ಅಲ್ಲೇ ಮೀಸೆ ಬಂದು, ಆಮೇಲೆ ಬೀದಿಗೆ ಬೀಳುತ್ತಿತ್ತು. ಗೌರೀಶ್ ಕಾರಿನಿಂದಲೇ ಕೇಳಿದರು: "ಮಂಟಯ್ಯನವರನ್ನ ಮನೆಯಲ್ಲೇ ಇಟ್ಟಿದಾರಾ, ಜಮೀನಿಗೆ ಒಯ್ದ್ರಾ?"

ಸಿದ್ದಮಲ್ಲಪ್ಪನ ಕಣ್ಣು ಹಿಂದಿನ ಸೀಟಿನ ಹಾರದ ಮೇಲೆ ಬಿತ್ತು. "ಅಯ್ಯೋ ಶಿವನೇ! ನೆನ್ನೆ ಸಾಯಂಕಾಲ ಬೀಡಿ ತಕಂಡೋದ್ನಲ್ಲ ಸಾ!" ಎಂದವನೇ ಅಂಗಡಿಯ ಅರ್ಧ ಬಾಗಿಲು ಎಳೆದ.

ಗೌರೀಶ್ ಸಂದು ಹುಡುಕಿ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಮುಟ್ಟಿತ್ತು. ಜಗಲಿಯ ಮೇಲೆ ಮುದುಕರು ಕೂತಾಗಿತ್ತು. ತಮಟೆಯವರಿಗೆ ಹೇಳಿಕಳಿಸಿಯಾಗಿತ್ತು. ಗುಂಡಿ ತೋಡಲು ಇಬ್ಬರು ಗುದ್ದಲಿ ಹಿಡಿದು ಹೊರಟಾಗಿತ್ತು. ಹಿತ್ತಲಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆ ನೋಡುತ್ತಿದ್ದ ಸಿದ್ದಲಿಂಗಮ್ಮ, ಗದ್ದಲ ಕೇಳಿ ಓಡಿಬಂದಳು. ಜನ ಕಂಡಳು. ಮೈಸೂರಿನ ದೊಡ್ಡ ಡಾಕ್ಟರ ಕೈಯಲ್ಲಿ ಹಾರ ಕಂಡಳು. ಎದೆ ಬಡಿದುಕೊಂಡು ಕುಸಿದಳು.

"ಎಂಗಾಯ್ತು ಡಾಕ್ಟ್ರೇ? ಎಲ್ಲೈತೆ ಎಣ?"

ಸಮಾಧಾನ ಹೇಳಲು ಬಗ್ಗಿದ ಗೌರೀಶ್ ಅಲ್ಲೇ ನಿಂತರು. "ನಾನು ನಿಮ್ಮನ್ನೇ ಕೇಳೋಣ ಅಂತಿದ್ದೆ. ಹೋಗಿಬಿಟ್ರು ಅಂತ ನೀವೇ ಅಲ್ವಾ ಫೋನ್ ಮಾಡಿದ್ದು?"

"ಊಂ, ವೀರನೊಸಳ್ಳಿಗೆ ಓದ್ರು! ಸೊಪ್ಪು ಬಿಡಿಸಾಕೆ ಆಳು ಕರ್ಕಂಬರಕ್ಕೆ. ಬರ್ತಾ ತಲೆನೋವಿನ್ ಮಾತ್ರೆ ತರ್ಬೋದಾ ಅಂತ ಕೇಳಾಣ ಅಂತ ಮಾಡ್ದೆ!"

ಅಷ್ಟರಲ್ಲಿ ಸಂದಿನ ತುದಿಯಲ್ಲಿ ಆಟೋ ನಿಂತಿತು. ಒಬ್ಬ ಹೆಂಗಸಿನ ಜೊತೆ ಮಂಟಯ್ಯ ಇಳಿದ. ತನ್ನ ಮನೆ ಮುಂದೆ ಜಾತ್ರೆಯಂತೆ ಸೇರಿದ್ದ ಜನ ನೋಡಿ ಅವನ ಮುಖ ಸಣ್ಣಗಾಯಿತು.

"ಯಾರ್ ಓದ್ರು ಸಿದ್ದಮಲ್ಲಪ್ನೋರೆ?"

"ನೀನೇ ಕಣ್ಲಾ!" ಎಂದ ಸಿದ್ದಮಲ್ಲಪ್ಪ.

ಎಲ್ಲರೂ ಒಟ್ಟಿಗೆ ಮಾತಾಡಿದರು, ಮತ್ತು ಎಲ್ಲರ ಬೈಗುಳವೂ ಗೌರೀಶರ ಮೇಲೆ ಬಿತ್ತು. ಪೆಟ್ಟಿಗೆ ಯಾಕೆ ತಂದಿದ್ದಾರೆ ಎಂದು ಯಾರೋ ಕೇಳಿದರು. ಬುರುಡೆ ಬಿಚ್ಚಲು ಎಂದು ಇನ್ಯಾರೋ ಉತ್ತರಿಸಿದರು. ಗುಂಪು ಒಂದು ಹೆಜ್ಜೆ ಮುಂದೆ ಬಂತು. ಕಾಪಾಡಿದವನು ಮಂಟಯ್ಯನೇ. ನಕ್ಕು, ಡಾಕ್ಟರ ಕೈಯಿಂದ ಹಾರ ಕಿತ್ತುಕೊಂಡು ತಾನೇ ಕೊರಳಿಗೆ ಹಾಕಿಕೊಂಡ.

"ತಂದಿದ್ ಆರ ಯಾಕ್ ದಂಡ ಮಾಡೀರಿ? ಮಾತು ಕೊಟ್ಟೋನು ನಾನು, ಕೇಳಕ್ ಬಂದವ್ರೆ ಅವ್ರು. ವಸಿ ಬೇಗ ಬಂದವ್ರೆ, ಅಷ್ಟೇಯ. ಲೇ, ಕಾಪಿ ಕಾಯ್ಸು!"

ಕಾಫಿ ಬಂತು. ಗುಂಪು ಕರಗದಿದ್ದರೂ ತಣ್ಣಗಾಯಿತು. ಆಟೋದಲ್ಲಿ ಬಂದ ಹೆಂಗಸು ಮೆಟ್ಟಿಲ ಮೇಲೆ ಲೋಟ ಹಿಡಿದು ಕೂತಿದ್ದಳು.

"ಇವ್ಳು ನಿಂಗಿ ಸಾ," ಎಂದ ಮಂಟಯ್ಯ. "ವೀರನೊಸಳ್ಳಿ ತಾವ್ಲ ಕಾಡಿನ್ ಹಾಡಿಯೋಳು. ಇವ್ಳ ಗಂಡಾನೂ ಮಂಟಯ್ಯಾನೇ. ಆಸ್ಪತ್ರೇಲಿ ಅಕ್ಕಪಕ್ಕದ್ ಮಂಚ ನಮ್ದು. ನರ್ಸಮ್ಮ 'ಮಂಟಯ್ಯ' ಅಂದ್ರೆ ಇಬ್ರೂ 'ಓ' ಅನ್ನೋದು! ಅವನ್ ಸೂಜಿ ನಂಗೆ, ನನ್ ಇಡ್ಲಿ ಅವನ್ಗೆ!"

ಎಲ್ಲರೂ ನಕ್ಕರು. ಗೌರೀಶರೂ ನಕ್ಕರು. ನಗು ಅರ್ಧಕ್ಕೆ ನಿಂತಿತು.

"ಆಪರೇಷನ್ ಯಾವಾಗ ಆಯ್ತು ಇಬ್ರಿಗೂ?"

"ಒಂದೇ ದಿನ ಸಾ. ಅವನ್ದಾದ್ಮೇಲೆ ನಂದು."

ಗೌರೀಶ್ ನಿಂಗಿಯ ಕಡೆ ತಿರುಗಿದರು. "ನಿಮ್ಮ ಯಜಮಾನರಿಗೆ ಏನಮ್ಮ ಹೇಳಿದ್ರು?"

"ಬರೀ ಗಂಟು, ತೆಗ್ದಾಯ್ತು ಅಂದ್ರು ಸಾಮಿ. ಕರೆಂಟು ಕೊಡೋದ್ ಬ್ಯಾಡ, ಮನೆಗೋಗಿ ಅಂದ್ರು. ಈ ಅಣ್ಣಯ್ಯಂಗೇನೆ ಬಾಳಾದಿನ ಇಲ್ಲ ಅಂದಿದ್ದು. ಇವರ್ನ್ ನೋಡಿ ನಾವಿಬ್ರೂ ಅತ್ತಿದ್ವಿ."

"ಆಮೇಲೆ?"

"ರಾಗಿ ಕುಯ್ಲಿನೊತ್ಗೆ ತಲೆನೋವು ತಿರ್ಗ ಬಂತು. ಬಲಗೈ ಬಿದ್ದೋಯ್ತು. ನನ್ ಎಸ್ರೇ ಮರ್ತ. ಆಸ್ಪತ್ರೆಗೋದ್ರೆ ಕಾಗ್ದ ನೋಡಿ, ಇವನ್ದು ಕೆಟ್ಟ ಗಂಟಲ್ಲ ಅಂದು ಗುಳಿಗೆ ಕೊಟ್ರು. ಗುಳಿಗೆ ಮುಗಿಯೋದ್ರಲ್ಲಿ ಅವನೂ ಮುಗ್ದ." ನಿಂಗಿ ಲೋಟ ಕೆಳಗಿಟ್ಟಳು. "ಯಾಕ್ ಸತ್ತ ಸಾಮಿ? ಯಾರ್ನ್ ಕೇಳಿದ್ರೂ ಯೋಳಕ್ಕಿಲ್ಲ."

ಗೌರೀಶರಿಗೆ ಮಂಟಯ್ಯ ಯಾಕೆ ಸಾಯಲಿಲ್ಲ ಎಂಬುದು ಈಗ ಗೊತ್ತಾಗಿತ್ತು. ಅವನಿಗೆ ಆ ರೋಗವೇ ಇರಲಿಲ್ಲ. ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ತಾವು ಕಣ್ಣು ಕಿರಿದು ಮಾಡಿ ನೋಡುತ್ತಿದ್ದದ್ದು, ದೇಶ ದೇಶದ ಪರದೆಗಳ ಮೇಲೆ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದ್ದು, ಈ ಹೆಂಗಸಿನ ಗಂಡನನ್ನು.

ಸುಮ್ಮನೆ ಕಾಫಿ ಮುಗಿಸಿ ಎದ್ದುಹೋಗಬಹುದಿತ್ತು. ಮುಂದಿನ ವಾರ ದೆಹಲಿಯಲ್ಲಿ ಇದೇ ಮಂಟಯ್ಯನ ಮೇಲೆ ಅವರ ಭಾಷಣವಿತ್ತು. ಗೌರೀಶ್ ಎರಡು ಸಲ ಏಳಲು ನೋಡಿದರು. ನಿಂಗಿ ಕಣ್ಣು ಕೀಳಲಿಲ್ಲ.

"ಅದಲುಬದಲಾಗಿದೆ," ಎಂದರು ಕೊನೆಗೆ. "ಕೆಟ್ಟ ಗಡ್ಡೆ ನಿಮ್ಮ ಯಜಮಾನರದ್ದು. ಹೆಸರು ಒಂದೇ ಇತ್ತಲ್ಲ... ಇವರ ಚೂರು ಅವರದ್ದು ಅಂತ, ಅವರದ್ದು ಇವರದ್ದು ಅಂತ ನಮ್ಮ ಹತ್ತಿರ ಬಂದಿದೆ."

ಮೊದಲು ಅರ್ಥವಾದದ್ದು ಸಿದ್ದಮಲ್ಲಪ್ಪನಿಗೆ. "ಅಂದ್ರೆ ನಮ್ಮ್ ಮಂಟಯ್ಯಂಗೆ ಸಾಯೋ ಕಾಯ್ಲೇನೆ ಇಲ್ಲ! ಗೆದ್ಯಲ್ಲೋ ಲೇ!" ಎಂದು ಚಪ್ಪಾಳೆ ತಟ್ಟಿದ. ಜನ ಹೋ ಎಂದರು. ಈ ಹೊತ್ತಿಗೆ ಸರಿಯಾಗಿ ಬಂದ ತಮಟೆಯವರು, ಕರೆಸಿದ್ದು ಯಾತಕ್ಕೆಂದು ತಿಳಿಯದೆ ಬಡಿದೇಬಿಟ್ಟರು.

ಮಂಟಯ್ಯ ಮಾತ್ರ ಕೈಯೆತ್ತಿ ಅದನ್ನು ನಿಲ್ಲಿಸಿದ. ವಿಕಿರಣದ ಕರೆಂಟು ಕೊಟ್ಟ ಮೇಲೆ ಕೂದಲು ಹುಟ್ಟದ ಕಡೆ ತಲೆ ಸವರಿಕೊಂಡ. ಕೊರಳಿನ ಹಾರ ತೆಗೆದು ಜಗಲಿಯ ಮೇಲಿಟ್ಟ.

"ಸಾ, ಅವನ್ ಪಾಲಿನ್ ಔಸ್ದೀನ ನಾನ್ ತಿಂದ್ಬುಟ್ನಾ?"

"ಕೊಟ್ಟಿದ್ದರೂ ಅವರು ಬಹಳ ದಿನ ಉಳೀತಿರಲಿಲ್ಲ, ಮಂಟಯ್ಯ. ಇನ್ನೊಂದಾರು ತಿಂಗಳು, ಅಷ್ಟೇ."

"ಆರ್ ತಿಂಗ್ಳು ಸಾಕಾಗಿತ್ತು ಸಾಮಿ," ಎಂದಳು ನಿಂಗಿ. "ಬಸುರಿ ಇದ್ದೆ. ಮಗೀನ್ ಮಕ ನೋಡೋನು."

ಬ್ಯಾರನ್ನಿನ ಒಲೆ ನೆನಪಾಗಿ ಸಿದ್ದಲಿಂಗಮ್ಮ ಹಿತ್ತಲಿಗೆ ಓಡಿದಳು. ಜನ ಒಬ್ಬೊಬ್ಬರಾಗಿ ಜಾರಿಕೊಂಡರು.

ಗೌರೀಶ್ ಕಾರಿನ ಬಾಗಿಲು ತೆಗೆದಾಗ ನಿಂಗಿ ಬಂದು ಮುಂದಿನ ಸೀಟಿನಲ್ಲಿ ಕೂತಳು. "ಇವತ್ತು ಕೆಲ್ಸ ಮಾಡಾಕ್ ಆಗಾಕಿಲ್ಲ ಅಣ್ಣಯ್ಯ," ಎಂದಳು ಮಂಟಯ್ಯನಿಗೆ. ಅವನು ತಲೆ ಎತ್ತದೆಯೇ ಹೂಂ ಎಂದ.

ಊರಿನ ಕೊನೆಯ ಮನೆ ದಾಟಿದ ಮೇಲೆ ಅವಳು ಕೇಳಿದಳು: "ಸಾಮಿ, ನನ್ ಗಂಡನ್ದು ಅಂದ್ರಲ್ಲ, ಆ ಚೂರು. ಅದು ಇನ್ನೂ ನಿಮ್ ತಾವ್ಲೇ ಐತಾ?"

"ಇದೆಯಮ್ಮ. ಒಂದಿಷ್ಟು ಗಾಜಿನ ಮೇಲಿದೆ. ಒಂದಿಷ್ಟು ಕೆಡದಿರಲಿ ಅಂತ ಮೇಣದೊಳಗೆ."

"ಅವನ್ನ ಮಣ್ ಮಾಡ್ದಾಗ ಮೈ ಪೂರ್ತಿ ಐತೆ ಅಂದ್ಕಂಡಿದ್ದೆ." ಅವಳು ಗೌರೀಶರ ಕಡೆ ತಿರುಗಿದಳು. "ಕೊಟ್ಬುಡಿ. ಅದ್ನೂ ಅವನ್ ತಾವ್ಲೇ ಊಳ್ಬೇಕು."

ಅದು ಹೋದರೆ ತಮ್ಮ ಹತ್ತಿರ ಏನೂ ಉಳಿಯುವುದಿಲ್ಲ ಎಂದು ಹೇಳಲು ಗೌರೀಶ್ ಬಾಯಿ ತೆರೆದು, ಮುಚ್ಚಿಕೊಂಡರು. ಮಿದುಳು ತರಲು ಹೊರಟವರು ಈಗ ಮಿದುಳು ಒಪ್ಪಿಸಬೇಕಿತ್ತು.

ಹುಣಸೂರಿನಲ್ಲಿ, ವೀರನಹೊಸಹಳ್ಳಿಯ ದಾರಿ ಕವಲಾಗುವ ಕಡೆ, ಅವರು ಕಾರು ನಿಧಾನಿಸಿ ಅವಳ ಮುಖ ನೋಡಿದರು. ನಿಂಗಿ ಮೈಸೂರಿನ ಕಡೆಗೆ ಕೈ ತೋರಿಸಿದಳು.